ಕೊರಳ ಹತ್ತಿರದ ಜೇಬು

ನನ್ನನ್ನು ಈ ಬೀದಿಯಲ್ಲಿ ಎಲ್ಲರೂ ಕತ್ತರಿ ಎಂದು ಕರೆಯುತ್ತಾರೆ. ಬಟ್ಟೆ ಕತ್ತರಿಸುತ್ತೇನೆ ಎಂದಲ್ಲ, ನನ್ನ ಬಾಯಿ ಹಾಗಿದೆ ಎಂದು. ನನಗೇನೂ ಬೇಸರವಿಲ್ಲ. ಧರ್ಮಗುರುಗಳಿಗೆ ಬಟ್ಟೆ ಹೊಲಿದುಕೊಡುವ ಅಂಗಡಿಯಲ್ಲಿ ಯಾರಾದರೂ ಒಬ್ಬರಿಗೆ ಬಾಯಿ ಇರಲೇಬೇಕು. ಲೋಕಕ್ಕೆಲ್ಲ ತಾಳ್ಮೆ ಬೋಧಿಸುವವರು ಟೈಲರ್ ಹತ್ತಿರ ಬಂದರೆ ಸಾಕು, ನಾಳೆಯೇ ಬೇಕು ಎಂದು ಕಾಲು ಕುಟ್ಟುತ್ತಾರೆ. ಅಪ್ಪ ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದವನಲ್ಲ. ಹಾಗಾಗಿ ಇಲ್ಲ ಎನ್ನುವ ಕೆಲಸ ನನ್ನ ಪಾಲಿಗೆ ಬಂತು.

ಅಂಗಡಿ ದೊಡ್ಡದೇನಲ್ಲ. ಮುಂದೆ ಗಾಜಿನ ಬಾಗಿಲು, ಒಳಗೆ ಎರಡು ಮೆಷಿನ್, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಆರು ಮರದ ಪೆಟ್ಟಿಗೆ. ಒಂದೊಂದು ಮತಕ್ಕೆ ಒಂದೊಂದು ಪೆಟ್ಟಿಗೆ. ಒಂದರ ಸೂಜಿ, ದಾರ, ಸೀಮೆಸುಣ್ಣ ಇನ್ನೊಂದಕ್ಕೆ ಹೋಗುವಂತಿಲ್ಲ. ಒಬ್ಬರ ಬಟ್ಟೆ ಮೇಜಿನಿಂದ ಎತ್ತಿದ ಮೇಲೆ ಮೇಜು ಒರೆಸಿ, ಕೈ ತೊಳೆದು, ಆಮೇಲೆ ಇನ್ನೊಬ್ಬರದನ್ನು ಹಾಸಬೇಕು. ತಾತನ ಕಾಲದಿಂದ ನಡೆದುಬಂದ ಕ್ರಮ ಇದು. ಊರಲ್ಲಿ ಟೈಲರ್‌ಗಳಿಗೇನು ಬರವಿಲ್ಲ, ಆದರೂ ಇವರೆಲ್ಲ ನಮ್ಮ ಬಾಗಿಲಿಗೇ ಬರುವುದು ಈ ನಂಬಿಕೆಯಿಂದ. ನಮ್ಮದು ಯಾವ ಮತ ಎಂದು ಮಾತ್ರ ಕೇಳಬೇಡಿ. ಗಿರಾಕಿಯೇ ದೇವರು ಎನ್ನುವ ಪಂಗಡ ನಮ್ಮದು.

ಮತಗಳ ವಿಷಯವನ್ನು ಓದಿದವರು ಪುಸ್ತಕದಿಂದ ತಿಳಿಯುತ್ತಾರೆ, ನಾನು ತಿಳಿದದ್ದು ಹೊಲಿಗೆಯಿಂದ. ಬೌದ್ಧ ಭಿಕ್ಷುಗಳಿಗೆ ಇಡೀ ಬಟ್ಟೆ ಆಗದು. ಹೊಚ್ಚ ಹೊಸದಾದರೂ ಮೊದಲು ತುಂಡು ತುಂಡು ಮಾಡಿ, ಗದ್ದೆಯ ಬದುಗಳ ಹಾಗೆ ಮತ್ತೆ ಜೋಡಿಸಿ ಹೊಲಿಯಬೇಕು. ಬೆಲೆ ಬಾಳುವ ಬಟ್ಟೆ ಎಂದು ಆಸೆ ಹುಟ್ಟಬಾರದಲ್ಲ, ಅದಕ್ಕೆ. ಹಜ್ ಯಾತ್ರೆಗೆ ಹೊರಟ ಗಂಡಸರದು ಇದಕ್ಕೆ ತದ್ವಿರುದ್ಧ. ಮೈಗೆ ತಕ್ಕಂತೆ ಹೊಲಿದದ್ದೇ ಆಗದು, ಎರಡು ಬಿಳಿ ಬಟ್ಟೆ ಅಷ್ಟೇ, ದೊರೆಗೂ ಆಳಿಗೂ ಒಂದೇ. ನಮ್ಮ ಬೀದಿಯ ದೇವಸ್ಥಾನದ ಅರ್ಚಕರೂ ಪೂಜೆಗೆ ಕೂರುವಾಗ ಹೊಲಿಯದ ಬಟ್ಟೆಯನ್ನೇ ಉಡುತ್ತಾರೆ. ಬಟ್ಟೆಯನ್ನು ಅಳತೆಗೆ ಕತ್ತರಿಸಿಕೊಡಿ, ಹೊಲಿಗೆ ಬೇಡ ಎಂದು ಹೇಳುವುದಕ್ಕೆ ಇಬ್ಬರೂ ಹೊಲಿಯುವವನ ಹತ್ತಿರವೇ ಬರುತ್ತಾರಲ್ಲ ಎಂದು ಅಪ್ಪನಿಗೆ ಎಲ್ಲಿಲ್ಲದ ನಗು. ಪಾದ್ರಿಗಳಿಗೆ ಬಣ್ಣ ತಪ್ಪಬಾರದು, ಪಶ್ಚಾತ್ತಾಪದ ದಿನಗಳಿಗೆ ನೇರಳೆ, ಸಂತೋಷದ ದಿನಗಳಿಗೆ ಬಿಳಿ. ಯಹೂದಿಗಳ ಬಟ್ಟೆಯಲ್ಲಿ ಉಣ್ಣೆಯೂ ಅಗಸೆ ನಾರಿನ ಲಿನನ್ನೂ ಒಟ್ಟಿಗೆ ಸೇರುವಂತಿಲ್ಲ, ಒಂದೆಳೆ ದಾರ ಸೇರಿದರೂ ಆ ಬಟ್ಟೆಯನ್ನು ಅವರು ಮೈಮೇಲೆ ಹಾಕಿಕೊಳ್ಳುವುದಿಲ್ಲ. ಇನ್ನು ಪಾರ್ಸಿಗಳು. ಅವರ ಬಿಳಿಯ ಒಳಅಂಗಿಗೆ ಕೊರಳ ಹತ್ತಿರ ಹೆಬ್ಬೆರಳ ತುದಿಯಷ್ಟು ಪುಟ್ಟ ಜೇಬು ಇರಬೇಕು. ದುಡ್ಡಿಗಲ್ಲ. ದಿನವಿಡೀ ಮಾಡಿದ ಒಳ್ಳೆಯ ಕೆಲಸವನ್ನು ತುಂಬಿಕೊಳ್ಳುವುದಕ್ಕೆ.

ಇಷ್ಟೆಲ್ಲ ನನಗೆ ಹೇಳಿಕೊಟ್ಟವನು ಅಪ್ಪ. ಈಗ ಎರಡು ವರ್ಷದಿಂದ ಅಪ್ಪನಿಗೆ ಮರೆವು. ಮೊದಲು ಹೆಸರುಗಳು ಹೋದವು, ಆಮೇಲೆ ಊಟ ಮಾಡಿದೆನೋ ಇಲ್ಲವೋ ಎನ್ನುವುದು ಹೋಯಿತು. ಅಮ್ಮ ತೀರಿಕೊಂಡು ಒಂಬತ್ತು ವರ್ಷವಾಗಿದ್ದರೂ ಒಂದೊಂದು ಬೆಳಿಗ್ಗೆ, ಎಲ್ಲೇ ನಿಮ್ಮಮ್ಮ, ಎಂದು ಕೇಳುತ್ತಾನೆ. ಕೈ ಮಾತ್ರ ಏನನ್ನೂ ಮರೆತಿರಲಿಲ್ಲ. ಸೂಜಿ ಸಿಕ್ಕರೆ ಸಾಕು, ಎಳೆ ಎಳೆಗೆ ಅಳೆದಿಟ್ಟಂಥ ಹೊಲಿಗೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು, "ಕೈ ಓಡ್ತಿರೋವರೆಗೆ ಓಡಲಿ ಬಿಡಿ. ಸೂಜಿ ಕೆಳಗಿಟ್ಟ ದಿನದಿಂದ ಇವರು ಬೇಗ ಇಳಿದುಹೋಗ್ತಾರೆ." ಹಾಗಾಗಿ ಕತ್ತರಿಸುವುದು, ಅಳತೆ, ಮೆಷಿನ್ ಎಲ್ಲ ನಾನು ನೋಡಿಕೊಂಡು, ಅಂಚು ಮಡಿಸಿ ಕೈಹೊಲಿಗೆ ಹಾಕುವುದನ್ನು ಅಪ್ಪನಿಗೆ ಬಿಟ್ಟಿದ್ದೆ. ಅಪ್ಪ ಕಿಟಕಿಯ ಬಳಿಯ ಸ್ಟೂಲಿನಲ್ಲಿ ಕೂತು ಹೊಲಿಯುತ್ತಿದ್ದರೆ ನನ್ನ ಜೀವಕ್ಕೆ ನೆಮ್ಮದಿ ಇರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಭಿಕ್ಷುಗಳು ಬಂದರು. ಎತ್ತರದ ಆಳು, ಸದಾ ನಗುಮುಖ. ವಾರದ ಹಿಂದೆ ಒಯ್ದಿದ್ದ, ತುಂಡು ಜೋಡಿಸಿ ಹೊಲಿದ ಚೀವರವನ್ನು ಮಡಿಸಿ ಮೇಜಿನ ಮೇಲಿಟ್ಟು, ಬೇರೆ ಯಾರದ್ದೋ ತಮಗೆ ಬಂದಿದೆಯೇನೋ ಎಂದರು. ಅವರದ್ದೇ ಎಂದೆ. ಅವರು ಬಟ್ಟೆಯನ್ನು ಬಿಡಿಸಿ ಮೇಲಂಚನ್ನು ತೋರಿಸಿದರು. ಅಲ್ಲಿ ಹೆಬ್ಬೆರಳ ತುದಿಯಷ್ಟು ಜೇಬು. ಮುದ್ದಾಗಿ, ಸುತ್ತ ಎರಡು ಸಾಲು ಹೊಲಿಗೆಯಲ್ಲಿ, ಎಲ್ಲೂ ಎಳೆ ಬಿಡದೆ ಕೂತಿತ್ತು.

"ನಮಗೆ ಜೇಬು ಯಾಕಮ್ಮ? ಇಟ್ಕೊಳ್ಳೋಕೆ ಏನೂ ಇಲ್ವಲ್ಲ," ಎಂದು ಅವರು ನಕ್ಕರು.

ನಾನು ಓಡಿಹೋಗಿ, ಕೆಲಸ ಮುಗಿಸಿ ತೂಗುಹಾಕಿದ್ದ ಬಟ್ಟೆಗಳನ್ನೆಲ್ಲ ಕೆಳಗೆಳೆದೆ. ಪಾದ್ರಿಗಳ ನೇರಳೆ ಮೇಲಂಗಿಗೆ ಜೇಬು. ಅರ್ಚಕರ ಹೊಲಿಯಬಾರದ ಬಟ್ಟೆಗೂ ಜೇಬು. ಗುಂಡಿ ಬದಲಿಸಲು ಕೊಟ್ಟುಹೋದ ಯಾರದ್ದೋ ಮಳೆಕೋಟಿಗೂ ಜೇಬು. ನಾನು ಹೊಲಿಗೆ ಮುಗಿಸಿ ಅಪ್ಪನ ಮುಂದೆ ಇಡುತ್ತಿದ್ದೆ, ಅಪ್ಪ ಅಂಚು ಮಡಿಸಿ ಕೊಡುತ್ತಿದ್ದ, ನಾನು ನೋಡದೆ ಇಸ್ತ್ರಿ ಹಾಕಿ ಕಳಿಸುತ್ತಿದ್ದೆ. ಅಪ್ಪನ ಕೈಹೊಲಿಗೆಯನ್ನು ಪರೀಕ್ಷೆ ಮಾಡುವುದುಂಟೇ ಎಂಬ ಜಂಬ ನನ್ನದು.

ಅಪ್ಪನ ಮುಂದೆ ನಿಂತು ಇದೇನು ಎಂದು ಕೇಳಿದೆ. ಅಪ್ಪ ಜೇಬಿನ ಮೇಲೆ ಬೆರಳಾಡಿಸಿ, ಚೆನ್ನಾಗಿ ಕೂತಿದೆ ಅಲ್ವಾ, ಎಂದ. ನನ್ನ ಪಿತ್ತ ನೆತ್ತಿಗೇರಿತು. ಭಿಕ್ಷುಗಳು ಎದುರಿಗಿದ್ದಾರೆ ಎನ್ನುವುದನ್ನೂ ನೋಡದೆ, ನಿನಗೆ ಬುದ್ಧಿ ಇದೆಯಾ ಎಂದು ಕೂಗಾಡಿದೆ. ಬುದ್ಧಿ ಜಾರುತ್ತಿರುವ ಮನುಷ್ಯನನ್ನು ಕೇಳುವ ಮಾತೇ ಅದು? ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎನ್ನುತ್ತಾರೆ. ಅಪ್ಪ ಮುಖ ಸಣ್ಣ ಮಾಡಿಕೊಂಡು ಕೂತ.

ಕಳೆದೆರಡು ವಾರದಲ್ಲಿ ಯಾರ ಯಾರ ಬಟ್ಟೆ ಹೋಗಿದೆ ಎಂದು ಬೆರಳು ಮಡಿಸಿದೆ. ಭಿಕ್ಷುಗಳದ್ದನ್ನು ಬಿಟ್ಟರೆ ಮೂರು. ಅದರಲ್ಲಿ ಮೌಲ್ವಿಗಳು ಹಜ್‌ಗೆ ಹೊರಡುವುದು ಅದೇ ದಿನ ಸಂಜೆ. ಅಪ್ಪನನ್ನು ಒಬ್ಬನೇ ಬಿಟ್ಟು ಹೋಗುವುದು ಹೇಗೆ ಎಂದು ಒದ್ದಾಡುತ್ತಿದ್ದರೆ ಭಿಕ್ಷುಗಳು ಸ್ಟೂಲು ಎಳೆದುಕೊಂಡು ಅಪ್ಪನ ಪಕ್ಕದಲ್ಲಿ ಕೂತೇಬಿಟ್ಟರು. ನಾನು ಚಿಕ್ಕ ಕತ್ತರಿ, ಸೂಜಿ, ನೂಲಿನ ರೀಲುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟೆ.

ಮೌಲ್ವಿಗಳ ಮನೆಯ ಬಾಗಿಲಲ್ಲಿ ಆಗಲೇ ಸೂಟ್‌ಕೇಸು ನಿಂತಿತ್ತು. ವಿಷಯ ಕೇಳಿ ಅವರ ಮುಖದ ಬಣ್ಣವೇ ಇಳಿಯಿತು. ಅವರ ಹೆಂಡತಿ ಸೂಟ್‌ಕೇಸು ಬಿಚ್ಚಿ ಎರಡು ಬಿಳಿ ಬಟ್ಟೆಗಳನ್ನು ತಂದರು, ಒಂದರ ಮೂಲೆಯಲ್ಲಿ ಇತ್ತು ನಮ್ಮ ಅಪ್ಪನ ಜೇಬು. ಅವರ ಮನೆಯ ಮೆಟ್ಟಿಲ ಮೇಲೇ ಕೂತು ಒಂದೊಂದೇ ಹೊಲಿಗೆ ಬಿಚ್ಚಿದೆ, ಸೂಜಿಯ ತೂತು ಕಾಣದಂತೆ ನೀರು ಮುಟ್ಟಿಸಿ ಉಗುರಿನಿಂದ ಉಜ್ಜಿದೆ. ಅಲ್ಲಿ ಬರಿಗೈಯಲ್ಲಿ ನಿಲ್ಲಬೇಕು ಮಗಳೇ, ಅದಕ್ಕೇ ಈ ಬಟ್ಟೆ ಎಂದರು ಮೌಲ್ವಿಗಳು. ನನಗೆ ಬಾಯಿ ಸುಮ್ಮನಿರಬೇಕಲ್ಲ. ಪಾರ್ಸಿಗಳು ಒಳ್ಳೆಯದನ್ನು ತುಂಬಿಕೊಳ್ಳಲು ಜೇಬು ಬೇಕು ಎನ್ನುತ್ತಾರೆ, ನೀವು ಜೇಬೇ ಬೇಡ ಎನ್ನುತ್ತೀರಿ, ನಾವು ಯಾರ ಮಾತು ಕೇಳೋಣ ಎಂದೆ. ಅವರು ಯೋಚಿಸಿ, ನಮ್ಮಲ್ಲೂ ಪ್ರತಿಯೊಂದನ್ನೂ ಬರೆದಿಟ್ಟುಕೊಳ್ಳುವವರಿದ್ದಾರೆ, ಆದರೆ ಅದು ನಮ್ಮ ಕೈಯಲ್ಲಿಲ್ಲ, ಹೆಗಲ ಮೇಲಿನ ದೇವದೂತರ ಕೈಯಲ್ಲಿದೆ ಎಂದರು. ಹೊರಡುವಾಗ ಅಪ್ಪನಿಗಾಗಿ ಅಲ್ಲಿ ಪ್ರಾರ್ಥನೆ ಮಾಡುತ್ತೇನೆ ಎಂದು ತಾವಾಗಿಯೇ ಹೇಳಿದರು. ಹೊಟ್ಟೆಗೆ ಹಾಕಿಕೊಂಡರಲ್ಲ ಪುಣ್ಯಾತ್ಮ ಎಂದುಕೊಂಡೆ.

ಪಾದ್ರಿಗಳ ಹತ್ತಿರ ಇಷ್ಟು ಕಷ್ಟವಾಗಲಿಲ್ಲ. ಅವರು ನಿಲುವಂಗಿಯ ಜೇಬನ್ನು ಮೊದಲ ದಿನವೇ ಕಂಡುಹಿಡಿದು ಅದರಲ್ಲಿ ಹಲ್ಲುಕಡ್ಡಿ ಇಟ್ಟುಕೊಂಡಿದ್ದರು. ಬಹಳ ಅನುಕೂಲ, ನಿಮ್ಮಪ್ಪನಿಗೆ ಎಲ್ಲಿಂದ ಬರುತ್ತೆ ಇಂಥ ಯೋಚನೆ ಎಂದು ಹೊಗಳಿದರು. ಆ ಜೇಬು ಯಾರದ್ದು, ಏಕೆ ಎಂದು ಹೇಳಿದೆ. ಪಾಪ, ಸರಕ್ಕನೆ ಹಲ್ಲುಕಡ್ಡಿ ತೆಗೆದು ಕೈಯಲ್ಲಿ ಮುಚ್ಚಿಟ್ಟುಕೊಂಡರು. ಬಿಚ್ಚಿಕೊಡುತ್ತೇನೆ ಎಂದರೆ ಬೇಡ, ಇರಲಿ ಬಿಡಮ್ಮ ಎಂದರು.

ಕೊನೆಗೆ ಉಳಿದದ್ದು ಕೋಟಿನ ತಾತ. ಪ್ರಾರ್ಥನಾ ಮಂದಿರದಲ್ಲಿ ಧರ್ಮಗ್ರಂಥ ಓದುವ ಯಹೂದಿ ಹಿರಿಯರು. ಬೇಸಗೆಯಲ್ಲೂ ಕಪ್ಪು ಉಣ್ಣೆಯ ಕೋಟು ಬಿಡದವರು, ಅದಕ್ಕೆ ಆ ಹೆಸರು. ಅವರ ಮನೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಆ ಪುಟ್ಟ ಜೇಬುಗಳಿಗೆಲ್ಲ ಅಪ್ಪ ಬಳಸಿದ್ದು ಗಟ್ಟಿಯಿರಲಿ ಎಂದು ಲಿನನ್ ದಾರವನ್ನು. ಉಣ್ಣೆಯ ಕೋಟಿಗೆ ಲಿನನ್ ದಾರ ಬಿದ್ದಿತ್ತು.

ತಾತ ಪುಸ್ತಕಗಳ ನಡುವೆ ಕೂತಿದ್ದರು, ಕೋಟು ಮೈಮೇಲೇ ಇತ್ತು. ನಾನು ಹೇಳಿ ಮುಗಿಸುವ ಮೊದಲೇ ಎದ್ದು ಕೋಟು ಕಳಚಿದರು. ಕಿಟಕಿಯಿಂದ ಗಾಳಿ ಬರುತ್ತಿತ್ತು, ಬರೀ ಅಂಗಿಯಲ್ಲಿ ಅವರ ಮೈ ಇಷ್ಟೇ ಇಷ್ಟು ಕಾಣುತ್ತಿತ್ತು. ಹನ್ನೊಂದು ದಿನ ಇದನ್ನೇ ಹಾಕಿಕೊಂಡು ಪ್ರಾರ್ಥನೆಗೆ ನಿಂತಿದ್ದೇನೆ ಎಂದರು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ. ಅವರು ಬೈಯಲಿಲ್ಲ. ನಿಮ್ಮ ತಾತನ ಕಾಲದಿಂದ ನಾನು ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ ಎಂದರು. ಆಮೇಲೆ ನಿಧಾನವಾಗಿ, "ಸೂಜಿ ಅವರ ಕೈಲಿರೋವರೆಗೆ ನಮ್ಮವರು ಯಾರೂ ಅಲ್ಲಿ ಬಟ್ಟೆ ಕೊಡೋ ಹಾಗಿಲ್ಲಮ್ಮ," ಎಂದರು.

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಅಳುವುದು ಗೊತ್ತಿಲ್ಲದ ಕಾರಣ ಜಗಳಕ್ಕೆ ನಿಂತೆ. ಭಿಕ್ಷುಗಳ ನಿಯಮಕ್ಕೆ ಕಾರಣವಿದೆ, ಮೌಲ್ವಿಗಳದ್ದಕ್ಕೂ ಇದೆ, ಒಂದೆಳೆ ದಾರದಿಂದ ದೇವರಿಗೆ ಏನಾಗುತ್ತೆ, ನಿಮ್ಮದಕ್ಕೆ ಕಾರಣವೇನು ಹೇಳಿ ಎಂದೆ.

"ಗೊತ್ತಿಲ್ಲ," ಎಂದರು ತಾತ. "ಕಾರಣ ಹೇಳಿಲ್ಲ. ಕಾರಣ ಗೊತ್ತಿದ್ದು ಮಾಡಿದರೆ ಅದು ನನ್ನ ಬುದ್ಧಿಗೆ ಸರಿ ಕಂಡಿದ್ದು ಅಂತಾಯ್ತು. ಗೊತ್ತಿಲ್ಲದೇನೇ ಮಾಡಿದರೆ, ಹೇಳಿದವನ ಮೇಲಿನ ಪ್ರೀತಿಗೆ ಮಾಡಿದ್ದು."

ಒಬ್ಬರು ಬಾಯಿಬಿಟ್ಟು ಹೇಳಿದರು, ಉಳಿದವರು ಹೇಳದೆ ಬಿಟ್ಟುಹೋಗುತ್ತಾರೆ ಎಂದು ಹೆದರಿದೆ. ಅಂಗಡಿಯೇ ಮುಚ್ಚಿದರೆ ಅಪ್ಪನಿಗೆ ಕೂರಲು ಕಿಟಕಿಯೂ ಉಳಿಯುವುದಿಲ್ಲ. ನಾಳೆಯಿಂದ ಅಪ್ಪ ಸೂಜಿ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು, ಕೋಟು ತೆಗೆದುಕೊಂಡು ಬಂದೆ.

ಭಿಕ್ಷುಗಳನ್ನು ಕಳಿಸಿ ಅಪ್ಪನ ಎದುರು ಕೂತೆ. ಸೂಜಿ ಕೊಡಪ್ಪ ಎಂದು ಕೈ ಒಡ್ಡಿದೆ. ಅಪ್ಪ ಕೈಯಲ್ಲಿದ್ದುದನ್ನು ಕೊಟ್ಟ. ಕಾಲರಿಗೆ ಚುಚ್ಚಿಕೊಂಡಿದ್ದ ಇನ್ನೆರಡನ್ನೂ ತಾನಾಗಿಯೇ ತೆಗೆದು ಕೊಟ್ಟ. ತಪ್ಪು ಮಾಡಿದೆನಾ ಎಂದು ಕೇಳಿದ. ಹೌದಪ್ಪ ಎಂದೆ.

"ಪುಟ್ಟಿ, ಯಾರ್ದು ಯಾವ್ದು ಅಂತ ನಂಗೀಗ ಗೊತ್ತಾಗ್ತಿಲ್ಲ," ಎಂದ. "ಯಾರಿಗೆ ತುಂಡು ಮಾಡ್ಬೇಕು, ಯಾರಿಗೆ ಮಾಡ್ಬಾರ್ದು, ಯಾರಿಗೆ ಯಾವ ಬಣ್ಣ, ಎಲ್ಲಾ ಹೋಯ್ತು. ಒಂದೇ ಒಂದು ಉಳ್ಕೊಂಡಿದೆ. ಒಳ್ಳೇದು ಇಟ್ಕೊಳ್ಳೋಕೆ ಕೊರಳ ಹತ್ರ ಒಂದು ಜಾಗ ಇರ್ಬೇಕು ಅನ್ನೋದು. ಅದು ಯಾರ್ದು ಅಂತ ನೆನಪಾಗ್ಲಿಲ್ಲ. ಅದಕ್ಕೇ ಎಲ್ರಿಗೂ ಹಾಕ್ಬಿಟ್ಟೆ."

ಅಳುವುದು ಗೊತ್ತಿಲ್ಲ ಎಂದೆನಲ್ಲ, ಆವತ್ತು ಕಲಿತೆ. ಆದರೂ ಸೂಜಿ ವಾಪಸ್ ಕೊಡಲಿಲ್ಲ, ಕೊಟ್ಟ ಮಾತು ಕೊಟ್ಟಾಗಿತ್ತು.

ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಮೊದಲ ಎರಡು ದಿನ ಅಪ್ಪ ಕಿಟಕಿಯ ಬಳಿ ಕೂತು ಬರಿಗೈಯಲ್ಲೇ ಹೊಲಿದ, ಇಲ್ಲದ ದಾರವನ್ನು ಹಲ್ಲಿನಿಂದ ಕಡಿದ. ಮೂರನೆಯ ದಿನ ಕೈ ಮಡಿಲಿಗೆ ಬಿತ್ತು. ನಾಲ್ಕನೆಯ ದಿನ ಊಟ ಬೇಡವೆಂದ. ವಾರ ಕಳೆಯುವಷ್ಟರಲ್ಲಿ ಅಂಗಡಿಗೆ ಏಕೆ ಬರಬೇಕು, ಇಲ್ಲಿ ಯಾರಿದ್ದಾರೆ ಎಂದು ಕೇಳತೊಡಗಿದ. ಬಟನ್ ಡಬ್ಬಿ ಕೊಟ್ಟು ಬಣ್ಣ ಬಣ್ಣ ಬೇರೆ ಮಾಡು ಎಂದೆ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬೀದಿ ನೋಡುತ್ತಾ ಕೂತ. ಹೊಲಿದ ಬಟ್ಟೆಗಳೆಲ್ಲ ಈಗ ನಿಯಮದ ಪ್ರಕಾರವೇ ಹೋಗುತ್ತಿದ್ದವು, ಒಂದು ಎಳೆ ತಪ್ಪುತ್ತಿರಲಿಲ್ಲ. ನನಗೆ ಮಾತ್ರ ಆ ಅಂಗಡಿಯೊಳಗೆ ಕೂರುವುದೇ ಬೇಡವಾಗಿತ್ತು.

ಆಗ ಬಂದರು ಪಾರ್ಸಿ ಅಜ್ಜಿ, ಕೋಲು ಊರಿಕೊಂಡು, ತಮ್ಮ ಒಳಅಂಗಿಗಳಿಗಾಗಿ. ಅಪ್ಪನ ಕೈ ಖಾಲಿ ಇರುವುದನ್ನು ಕಂಡು ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟರು. ನಾನು ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಅವರ ಮತದ ಜೇಬನ್ನು ಊರಿಗೆಲ್ಲ ಹಂಚಿದ್ದಕ್ಕೆ ಕೋಪ ಮಾಡಿಕೊಳ್ಳುತ್ತಾರೆ ಎಂದುಕೊಂಡರೆ, ಅಜ್ಜಿ ಹಲ್ಲುಕಡ್ಡಿಯ ಮಾತಿಗೆ ಬಿದ್ದು ಬಿದ್ದು ನಕ್ಕರು. ಅಪ್ಪ ಹೇಳಿದ ಮಾತು ಬಂದಾಗ ಮಾತ್ರ ನಗು ನಿಂತಿತು. ಎಪ್ಪತ್ತು ವರ್ಷದಿಂದ ಆ ಅಂಗಿ ಹಾಕುತ್ತಿದ್ದೇನೆ, ಸಂಜೆ ಆ ಜೇಬು ಮುಟ್ಟಿ ನೋಡಿಕೊಳ್ಳುವುದನ್ನು ನಾನೇ ಎಷ್ಟೋ ದಿನ ಮರೆತಿದ್ದೇನೆ, ಇವನೊಬ್ಬ ಅದನ್ನೊಂದನ್ನೇ ನೆನಪಿಟ್ಟುಕೊಂಡನೇ ಎಂದರು. ಅಂಗಿಗಳನ್ನು ಮೇಜಿನ ಮೇಲೇ ಬಿಟ್ಟು, ಈಗ ಬಂದೆ ಎಂದು ಕೋಲು ಕುಟ್ಟುತ್ತಾ ಹೋದರು. ಹೋದದ್ದು ಎಲ್ಲಿಗೆ ಎಂದು ಮರುದಿನ ತಿಳಿಯಿತು.

ಮರುದಿನ ಬಾಗಿಲು ತೆರೆಯುವಷ್ಟರಲ್ಲಿ ಕೋಟಿನ ತಾತ ಹೊರಗೆ ನಿಂತಿದ್ದರು. ನಾನು ಶುದ್ಧ ಮಾಡಿ ಕಳಿಸಿದ್ದ ಕೋಟು ಮೈಮೇಲಿತ್ತು, ಇನ್ನೊಂದು ಹಳೆಯ ಕೋಟು ತೋಳಿನ ಮೇಲಿತ್ತು. ಅದರ ಒಳಗಿನ ಅಸ್ತರ್ ಬಟ್ಟೆ ಬಿಟ್ಟುಹೋಗಿತ್ತು. ಜೇಬಿನಿಂದ ರೇಷ್ಮೆ ದಾರದ ಹೊಸ ರೀಲು ತೆಗೆದು ಮೇಜಿನ ಮೇಲಿಟ್ಟರು.

"ನಾನು ಹೇಳಿದ್ದು ಅರ್ಧ ಮಾತಮ್ಮ," ಎಂದರು. "ಗೊತ್ತಿದ್ದೂ ತಪ್ಪಿದವನಿಗೆ ಒಂದು ನಿಯಮ, ಮರೆತವನಿಗೆ ಇನ್ನೊಂದು. ಮರೆತವನಿಗೆ ನೆನಪಿರೋವರು ಪಕ್ಕದಲ್ಲಿ ಕೂತು ಹೇಳ್ಬೇಕು. ನಾನು ಅದು ಬಿಟ್ಟು ಸೂಜಿ ಕಿತ್ಕೊಂಡೆ. ಎಲ್ಲಿ, ಸ್ಟೂಲು ಕೊಡು."

ಅಪ್ಪನ ಕೈಗೆ ಸೂಜಿ ಬಂತು. ಆ ಬೆರಳುಗಳು ಸೂಜಿಯನ್ನು ಹಿಡಿದ ರೀತಿ ನೋಡಬೇಕಿತ್ತು, ಹಸಿದ ಕೂಸು ಹಾಲಿನ ಬಟ್ಟಲು ಹಿಡಿದ ಹಾಗೆ. ಒಂದೊಂದು ಸಲ ದಾರ ಮುಗಿದಾಗಲೂ ತಾತ, ಟೈಲರೇ, ಇದು ಉಣ್ಣೆ, ರೇಷ್ಮೆಯೇ ಹಾಕಬೇಕು ಎನ್ನುತ್ತಿದ್ದರು. ಹೌದಾ, ಯಾಕೆ, ಎನ್ನುತ್ತಿದ್ದ ಅಪ್ಪ. ಕಾರಣ ಹೇಳಿಲ್ಲ ಎಂದು ತಾತ ಹೇಳುತ್ತಿದ್ದರು. ಎಂಟು ಸಲ ಕೇಳಿದ, ಎಂಟು ಸಲವೂ ಹೇಳಿದರು. ಆ ಮಧ್ಯಾಹ್ನ ಅಪ್ಪ ತಟ್ಟೆ ಖಾಲಿ ಮಾಡಿ ಊಟ ಮಾಡಿದ.

ಸುದ್ದಿ ಹಬ್ಬಲು ನಮ್ಮ ಬೀದಿಯಲ್ಲಿ ಎಷ್ಟು ಹೊತ್ತು? ಅವರವರ ಬಟ್ಟೆಗೆ ಅವರವರೇ ಬಂದು ಪಕ್ಕದಲ್ಲಿ ಕೂರುವುದು ಎಂದಾಯಿತು. ವಾರವನ್ನು ಹಂಚುವುದು ಮಾತ್ರ ಬಟ್ಟೆ ಕತ್ತರಿಸುವುದಕ್ಕಿಂತ ಕಷ್ಟವಾಯಿತು. ಒಬ್ಬರಿಗೆ ಶುಕ್ರವಾರ ಆಗದು, ಒಬ್ಬರಿಗೆ ಶನಿವಾರ, ಒಬ್ಬರಿಗೆ ಭಾನುವಾರ. ಅರ್ಚಕರಿಗೆ ಯಾವ ದಿನವೂ ಮಧ್ಯಾಹ್ನದವರೆಗೆ ಬಿಡುವಿಲ್ಲ. ನಮಗೆ ಎಲ್ಲ ದಿನವೂ ಒಂದೇ ಎಂದು ಭಿಕ್ಷುಗಳು ಖಾಲಿ ಬಿದ್ದ ದಿನವನ್ನು ತೆಗೆದುಕೊಂಡರು. ಯಾತ್ರೆ ಮುಗಿಸಿ ಬಂದ ಮೌಲ್ವಿಗಳೂ ಮಂಗಳವಾರ ನನ್ನದು ಎಂದು ಹಟ ಹಿಡಿದು ಪಡೆದುಕೊಂಡರು.

ಬರೀ ನಿಯಮ ಹೇಳಿದರೆ ಅಪ್ಪನಿಗೆ ಸಾಲದು, ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂದು ಹೇಳಹೊರಟರೆ ಅದು ಎಲ್ಲಿಂದ ಬಂತು ಎಂದು ಹೇಳಬೇಕಾಗುತ್ತದೆ. ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ಲೋಕದ ಹುಟ್ಟಿನವರೆಗೂ ಹೋಗಿಬಿಡುತ್ತಿದ್ದರು. ಬೆಳಕು ಕತ್ತಲೆ ಎರಡೂ ಮೊದಲಿಂದ ಜಗಳಕ್ಕೆ ನಿಂತಿವೆ, ನಾವು ಬೆಳಕಿನ ಕಡೆ ಸೇರಬೇಕು ಎಂದು ಅಜ್ಜಿ. ಲೋಕ ಹುಟ್ಟುತ್ತೆ, ಅಳಿಯುತ್ತೆ, ಮತ್ತೆ ಹುಟ್ಟುತ್ತೆ, ಇದು ಎಷ್ಟನೆಯ ಸಲವೋ ಲೆಕ್ಕವಿಲ್ಲ ಎಂದು ಅರ್ಚಕರು. ಬಿಚ್ಚಿ ಹೊಲಿಯೋದು ಅನ್ನಿ, ಎಂದ ಅಪ್ಪ. ಅರ್ಚಕರು ಬೆರಗಾಗಿ, ಇದನ್ನು ನಾನು ಬಳಸಿಕೊಳ್ಳಬಹುದಾ ಎಂದು ಕೇಳಿದರು. ಭಿಕ್ಷುಗಳು ಮಾತ್ರ ಆದಿಯ ಮಾತೇ ಬೇಡ ಎಂದರು. ಅದನ್ನು ಹುಡುಕುತ್ತಾ ಕೂತರೆ ಇವತ್ತಿನ ನೋವಿಗೆ ಮದ್ದು ಹುಡುಕುವುದು ಯಾವಾಗ ಎಂಬುದು ಅವರ ಮಾತು.

ತಮಾಷೆ ಎಂದರೆ ತಾತ, ಪಾದ್ರಿ, ಮೌಲ್ವಿ ಮೂವರೂ ಒಂದೇ ಕಥೆಯಿಂದ ಶುರು ಮಾಡುವುದು. ಮೊದಲ ಗಂಡ ಹೆಂಡತಿ, ತೋಟ, ಮುಟ್ಟಬಾರದ ಮರ, ಆಮೇಲೆ ನಾಚಿಕೊಂಡು ಎಲೆ ಎಲೆ ಜೋಡಿಸಿ ಮೈ ಮುಚ್ಚಿಕೊಂಡದ್ದು. ಎಲೆಯ ಮಾತು ಬಂದ ಕೂಡಲೇ ಅಪ್ಪ ಹೊಲಿಯುವುದನ್ನು ನಿಲ್ಲಿಸುತ್ತಿದ್ದ. "ಎಲೆ ಜೋಡಿಸಿ ಹೊಲಿದರಾ? ಹಾಗಾದ್ರೆ ಲೋಕದಲ್ಲಿ ಮೊದಲನೇ ಕಸುಬೇ ನಮ್ದು!" ಪ್ರತಿ ವಾರ, ಮೂರು ಸಲ, ಅದೇ ಸಂತೋಷ. ಕಥೆ ಒಂದೇ ಆದರೂ ಮುಂದೆ ದಾರಿ ಬೇರೆ. ಆ ತಪ್ಪು ಮಕ್ಕಳು ಮೊಮ್ಮಕ್ಕಳಿಗೂ ಅಂಟಿತು, ಅದನ್ನು ಬಿಡಿಸಲು ಒಬ್ಬ ಬರಬೇಕಾಯಿತು ಎಂದು ಪಾದ್ರಿ. ಇಬ್ಬರೂ ಕೇಳಿಕೊಂಡರು, ಅಲ್ಲೇ ಕ್ಷಮೆ ಸಿಕ್ಕಿತು, ಮುಗಿಯಿತು ಎಂದು ಮೌಲ್ವಿ. ಅವರ ತಪ್ಪು ಅವರಿಗೆ, ನಾವು ನಮ್ಮದನ್ನು ಬೇರೆಯಾಗಿ ಮಾಡಿಕೊಳ್ಳುತ್ತೇವಲ್ಲ ಎಂದು ತಾತ. ಅಪ್ಪ ಭಾನುವಾರ ತಾತನನ್ನು ಪೂರ್ತಿ ನಂಬಿದ, ಮಂಗಳವಾರ ಮೌಲ್ವಿಗಳನ್ನು ಪೂರ್ತಿ ನಂಬಿದ, ಬುಧವಾರ ಪಾದ್ರಿಗಳನ್ನು. ಇಂಥ ಕೇಳುಗ ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕೆಲವರು ಹೊಲಿಯಲು ಏನೂ ಇಲ್ಲದಿದ್ದರೂ ಚೆನ್ನಾಗಿರುವ ಅಂಗಿಯ ಗುಂಡಿ ಕಿತ್ತುಕೊಂಡು ಬರುತ್ತಿದ್ದರು ಎನ್ನುವುದು ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ.

ಹೀಗೆ ಒಂಬತ್ತು ತಿಂಗಳು ನಡೆಯಿತು. ಅಪ್ಪನ ಕೈ ನಿಲ್ಲಲಿಲ್ಲ. ತಲೆ ಮಾತ್ರ ತನ್ನ ಪಾಡಿಗೆ ತಾನು ಇಳಿಯುತ್ತಲೇ ಇತ್ತು. ಅದನ್ನು ತಡೆಯುವುದು ಯಾರಿಂದಲೂ ಆಗುವ ಕೆಲಸವಲ್ಲ ಎಂದು ನನಗೂ ಗೊತ್ತಿತ್ತು.

ಒಂದು ಗುರುವಾರ ಯಾರೂ ಬರಲಿಲ್ಲ. ಭಿಕ್ಷುಗಳಿಗೆ ಜ್ವರ. ನಾನೇ ಮೆಷಿನ್ ಬಿಟ್ಟು ಎದ್ದು ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತೆ. ಅಪ್ಪ ನನ್ನ ಕಡೆ ತಿರುಗಿ, ಗಿರಾಕಿಗಳಿಗೆ ಮಾಡುವ ಹಾಗೆ ಸ್ವಲ್ಪ ಬಾಗಿ, "ಹೇಳಿ ತಾಯಿ, ನಿಮ್ಮಲ್ಲಿ ಏನು ನಿಯಮ?" ಎಂದ.

ತಾಯಿ ಎಂದ. ಪುಟ್ಟಿ ಎನ್ನಲಿಲ್ಲ. ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂದೆ. ಇಲ್ಲದೆ ಇರುವುದಿಲ್ಲ, ಎಲ್ಲರಿಗೂ ಒಂದಿರುತ್ತೆ, ನಿಧಾನವಾಗಿ ನೆನಪು ಮಾಡಿಕೊಳ್ಳಿ ಎಂದು ಅಪ್ಪ ಸಮಾಧಾನ ಹೇಳಿದ.

"ಅಪ್ಪನ್ನ ಒಬ್ಬನೇ ಬಿಡಬಾರದು," ಎಂದೆ. "ನಮ್ಮಲ್ಲಿರೋದು ಅದೊಂದೇ."

ಅಪ್ಪ ತಲೆಯಾಡಿಸಿದ. ಒಳ್ಳೆಯ ನಿಯಮ ಎಂದ. ಹೊಲಿಯೋದೇನು ಎಂದು ಕೇಳಿದ. ನನಗೆ ಒಂದು ಅಂಗಿ ಎಂದೆ. ಅಪ್ಪ ಎದ್ದು, ಕೊರಳಲ್ಲಿದ್ದ ಟೇಪು ತೆಗೆದು ಅಳತೆಗೆ ನಿಂತ. ನನ್ನ ಬಟ್ಟೆಯೆಲ್ಲ ಮೊದಲಿಂದಲೂ ಹೊಲಿದವನು ಅಪ್ಪನೇ, ಆದರೂ ಎಷ್ಟೋ ವರ್ಷವಾಗಿತ್ತು ಅಳತೆ ತೆಗೆದು. ಬೆನ್ನ ಮೇಲೆ ಆ ಬೆರಳುಗಳು ಓಡಿ ಎಡಭುಜದ ತುದಿಗೆ ಬಂದು ನಿಂತವು. ಅಲ್ಲೇ ಒಂದೆರಡು ಸಲ ಒತ್ತಿ ನೋಡಿದ.

"ನನ್ನ ಮಗಳಿಗೂ ಹೀಗೇ," ಎಂದ, ಬೇರೆ ಯಾರಿಗೂ ಕೇಳಿಸಬಾರದು ಎನ್ನುವ ದನಿಯಲ್ಲಿ. "ಎಡಭುಜ ಅರ್ಧ ಅಂಗುಲ ಕೆಳಗೆ. ಚಿಕ್ಕಂದಿನಿಂದ ಮೆಷಿನ್ ಮೇಲೆ ಬಗ್ಗಿ ಬಗ್ಗಿ ಹಾಗಾಯ್ತು, ನಾನೇ ಕೂರಿಸಿದ್ದು. ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ಬೇಜಾರು ಮಾಡ್ಕೊಳ್ತಾಳೆ ಅಂತ ಅವಳ ಬಟ್ಟೆಗೆಲ್ಲ ಆ ಕಡೆ ಒಳಗೊಂದು ಪದರ ಹೆಚ್ಗೆ ಇಟ್ಟು ಹೊಲೀತೀನಿ. ಕನ್ನಡೀಲಿ ಎರಡೂ ಸಮ ಕಾಣ್ಬೇಕಲ್ಲ."

ನನಗೀಗ ನಲವತ್ತೆಂಟು ವರ್ಷ. ಊರವರ ಬಟ್ಟೆಯನ್ನೆಲ್ಲ ಒಳಮಗ್ಗುಲು ತಿರುಗಿಸಿ ನೋಡುವ ನಾನು ನನ್ನದನ್ನು ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ. ಕೈ ತಾನಾಗಿಯೇ ಎಡಭುಜಕ್ಕೆ ಹೋಯಿತು. ಇತ್ತು, ಬಟ್ಟೆಯೊಳಗೆ ಮೆತ್ತಗೆ, ಬೆರಳಿಗೆ ಸಿಕ್ಕಿಯೂ ಸಿಗದ ಹಾಗೆ.

"ನಿಮಗೂ ಹಾಗೇ ಮಾಡ್ಕೊಡ್ತೀನಿ ತಾಯಿ," ಎಂದ ಅಪ್ಪ. "ನನ್ನ ಮಗಳು ಸಿಕ್ಕಿದ್ರೆ ಮಾತ್ರ ಹೇಳ್ಬೇಡಿ."

ಹೇಳಲ್ಲ ಎಂದೆ. ಅಪ್ಪ ಮೇಜು ಒರೆಸಿದ, ಕೈ ತೊಳೆದುಕೊಂಡು ಬಂದ, ಸೀಮೆಸುಣ್ಣ ಎತ್ತಿಕೊಂಡ. ಎಡಗಡೆಗೆ ಅರ್ಧ ಅಂಗುಲ ಬಿಟ್ಟು ಗೆರೆ ಎಳೆದ.